ವಯಸ್ಸಿಗೆ ತಕ್ಕ ಗೊಂಬೆ

ಭಾನುವಾರದೊಳಗೆ ಗೊಂಬೆ ಈ ಮನೆಯಿಂದ ಹೊರಡಬೇಕು, ಇಲ್ಲವಾದರೆ ಮನೆ ಮಾಲೀಕರಿಗೆ ದೂರು ಹೋಗುತ್ತದೆ ಎಂದರು ಓಣಿ ಸಂಘದ ಮುಖ್ಯಸ್ಥೆ ಓಗಾಟ. ಒಳಗೆ ಬನ್ನಿ ಎಂದು ಯಾರೂ ಕರೆದಿರಲಿಲ್ಲ. ಆದ್ದರಿಂದ ಚಪ್ಪಲಿ ಬಿಡುವ ಜಾಗದಲ್ಲೇ ನಿಂತಿದ್ದರು.

ಹೆಂಡತಿ ತೀರಿಹೋಗಿದ್ದ ತೊಕುಜಿ ತಲೆತಗ್ಗಿಸಿ ಕೇಳಿಸಿಕೊಂಡರು. ಹಿಂದಿನ ಕೋಣೆಯ ಚಾಪೆಯ ಮೇಲೆ ಅದು ಮಂಡಿಯೂರಿ ಕುಳಿತಿತ್ತು. ಎದುರಿಗೆ ಎರಡು ಬಟ್ಟಲು ಮಿಸೊ ಸಾರು, ಎರಡೂ ಅರ್ಧ ಖಾಲಿ. ಒಂಟಿತನ ಮನುಷ್ಯನನ್ನು ಎಲ್ಲಿಗೆ ತರುತ್ತದೆ ಎಂದುಕೊಂಡರು ಓಗಾಟ.

ಕಿಟಕಿಯಿಂದ ಅದನ್ನು ಮೊದಲು ಕಂಡವರೂ ಅವರೇ. ಗಂಟೆಗಟ್ಟಲೆ ಅಲ್ಲಾಡದೆ ಕೂತ ಹೆಂಗಸು ಇನ್ನೇನು? ಗಂಡಸರು ಹಾಸಿಗೆಗೆಂದು ಕೊಳ್ಳುವ ಸಿಲಿಕೋನ್ ಗೊಂಬೆ. ಸಂಜೆಯೊಳಗೆ ಓಣಿಗೆಲ್ಲ ಸುದ್ದಿ. ತೊಕುಜಿ ಅಲ್ಲವೆನ್ನಲಿಲ್ಲ.

ಸುದ್ದಿ ತಿಳಿದು ಮಗಳು ನಾತ್ಸುಮಿ ಒಸಾಕಾದಿಂದ ಓಡಿಬಂದಿದ್ದಳು. ಹೋದ ವರ್ಷ ಅಪ್ಪ ಮಂಡಿಯೂರಿ ಕೂತು ಚಹಾ ನೀಡುವ ವಿಧಿ ಕಲಿಸುವ ಹೊಳೆಯಾಚೆಯ ಟೀಚರ್ ಸುಮಿಯೆಯನ್ನು ಮದುವೆಯಾಗುತ್ತೇನೆಂದಾಗ ರಂಪ ಮಾಡಿ, ಆಕೆಯ ಮುಖ ನೋಡಲೂ ಒಪ್ಪಿರಲಿಲ್ಲ. ಈಗ ಇದು. ಶೂ ಕೂಡ ಬಿಚ್ಚದೆ ನಿಂತಿದ್ದಳು.

ಮಕ್ಕಳು ಶಾಲೆಗೆ ಹೋಗುವ ದಾರಿ ಇದು ಎಂದರು ಓಗಾಟ. ಬೇಡವೆನ್ನದ ವಸ್ತುವಿನ ಜೊತೆ ಇದ್ದೂ ಇದ್ದೂ ಗಂಡಸರು ಹೆಂಗಸರ ಮನಸ್ಸು ಕೇಳುವುದನ್ನೇ ಮರೆಯುತ್ತಾರೆ ಎಂದರು. ಮಾತು ಸುಳ್ಳಲ್ಲ.

"ಇವಳು ಬೇಡ ಅನ್ನಲ್ಲ ಅಂತ ಯಾರಂದ್ರು?" ಎಂದರು ತೊಕುಜಿ. "ಟೀವಿ ಹಾಕೋಕೂ ಇವಳನ್ನ ಕೇಳ್ಬೇಕು."

ಓಗಾಟ ಮಗಳತ್ತ ಮರುಕದಿಂದ ನೋಡಿದರು. ಬೇರೆಯವರ ಒಳಕೋಣೆಯನ್ನು ದಿಟ್ಟಿಸುವುದು ಸಭ್ಯರ ಲಕ್ಷಣವಲ್ಲ. ಇಬ್ಬರೂ ಓರೆಗಣ್ಣಲ್ಲೇ ಕಂಡಷ್ಟು ಕಂಡರು.

"ಇದಕ್ಕಾದ್ರೂ ವಯಸ್ಸಿಗೆ ತಕ್ಕ ಮುಖ ಮಾಡಿದಾರೆ," ಓಗಾಟ ತುಸು ಮೆತ್ತಗಾದರು. "ಮೂಗು ಮಾತ್ರ ಚಪ್ಪಟೆ. ಅಗ್ಗದ್ದಿರ್ಬೇಕು."

ತೊಕುಜಿಗೆ ಕೆಮ್ಮು ಹತ್ತಿತು.

ನಾತ್ಸುಮಿ ಯೋಚಿಸಿದಳು. ಗೊಂಬೆ ಆಸ್ತಿಯಲ್ಲಿ ಪಾಲು ಕೇಳುವುದಿಲ್ಲ. ಅಮ್ಮನ ಫೋಟೋ ಪಕ್ಕಕ್ಕೆ ಸರಿಸುವುದಿಲ್ಲ. ಚಿಕ್ಕಮ್ಮ ಎನಿಸಿಕೊಳ್ಳುವುದಿಲ್ಲ.

"ಇರ್ಲಿ ಬಿಡಿ ಓಗಾಟ ಅವರೇ. ಆ ಟೀಚರಮ್ಮನಿಗಿಂತ ಇದೇ ವಾಸಿ," ಎಂದಳು. "ಅಪ್ಪ, ಪರದೆ ಮಾತ್ರ ಹಾಕ್ಕೊಂಡಿರು."

ಪರದೆಯಿದ್ದರೆ ಸಂಘದ ಅಡ್ಡಿಯಿಲ್ಲವೆಂದು ಓಗಾಟ ಒಪ್ಪಿದರು. ಹೊರಡುವಾಗ ತೊಕುಜಿಗೆ ಬಾಗಿ ನಮಸ್ಕರಿಸಿದರು. ಅಭ್ಯಾಸಬಲದಿಂದ ಗೊಂಬೆಗೂ ಒಮ್ಮೆ ಬಾಗಿ, ನಾಚಿ, ಬೇಗ ಹೊರಬಿದ್ದರು. ಮಗಳೂ ಹಿಂದೆಯೇ ನಡೆದಳು. ತೊಕುಜಿ ಪರದೆ ಎಳೆದರು.

"ಹೋದ್ರಾ?" ಎಂದಳು ಸುಮಿಯೆ, ಮೂಗು ಸವರಿಕೊಳ್ಳುತ್ತ. "ಅಗ್ಗದ್ದಂತೆ!"