ರವಿಕೆಯ ಜೋಪಾನ

ಮಗಳು ಅಟ್ಟದಿಂದ ಬಿದ್ದು ಸತ್ತಳೆಂದು ಹೇಳಿ ಗಂಡನ ಮನೆಯವರು ಅವತ್ತೇ ಸುಟ್ಟುಬಿಟ್ಟಿದ್ದರು. ಹೆಣಕ್ಕೆ ನೀರು ಹುಯ್ಯುವ ಮೊದಲು ಬಿಚ್ಚಿದ ರವಿಕೆಯನ್ನು ಪುಟ್ಟನಂಜಮ್ಮ ಸೆರಗಿನಲ್ಲಿ ಬಚ್ಚಿಟ್ಟುಕೊಂಡಿದ್ದಳು. ಅಳಿಯನ ಅಂಗೈಯಲ್ಲಿ ಹಸಿ ಗಾಯವಿತ್ತು. ರವಿಕೆಯ ತೋಳಿಗೆ ಮೆತ್ತಿದ್ದ ರಕ್ತ ಅವನದೇ ಎಂದು ಅವಳಿಗೆ ಅನ್ನಿಸಿತ್ತು.

ತಿಂಗಳುಗಟ್ಟಲೆ ಅಲೆದ ಮೇಲೆ ಪೊಲೀಸರು ದೂರು ಬರೆದುಕೊಂಡು ರವಿಕೆಯನ್ನು ಪರೀಕ್ಷೆಗೆ ಕಳಿಸಿದರು. ಇವತ್ತು ಇನ್ಸ್‌ಪೆಕ್ಟರೇ ಬಂದು ಜಗುಲಿಯ ಮೇಲೆ ಕೂತರು.

“ಅವನನ್ನ ಹಿಡಿದ್ರಾ ಸ್ವಾಮಿ?”

“ರವಿಕೆ ಹೆಂಗೆ ಇಟ್ಟಿದ್ರಿ ಅಮ್ಮ?”

“ಟಿವಿಯಲ್ಲಿ ತೋರಿಸ್ತಾರಲ್ಲ, ಹಂಗೇ. ಹಸಿ ಆರೋಕೆ ಮುಂಚೆ ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಬಿಗಿದೆ.”

“ಆ ಕೊಲೆ ಧಾರಾವಾಹಿ ಬಿಟ್ರೆ ಇವಳಿಗೆ ಬೇರೆ ದೇವರೇ ಇಲ್ಲ,” ಎಂದಳು ಬಾಗಿಲಲ್ಲಿ ನಿಂತ ಓರಗಿತ್ತಿ.

“ನೀನು ಸುಮ್ಕಿರೇ. ನಿನ್ನ ಮಾತು ಕೇಳಿದ್ದಿದ್ರೆ ಆ ರವಿಕೇನ ಹೊಳೇಲಿ ತೇಲಿಬಿಡ್ತಿದ್ದೆ. ಸಾಕ್ಷಿ ಕೆಡಬಾರದಲ್ವಾ ಸ್ವಾಮಿ?”

ಇನ್ಸ್‌ಪೆಕ್ಟರು ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡರು.

“ನೆರಳಲ್ಲಿ ಒಣಗಿಸಿ ಹಳೇ ಪೇಪರಲ್ಲಿ ಸುತ್ತಿಟ್ಟಿದ್ರೆ ಸಾಕಿತ್ತು ತಾಯಿ. ಕವರೊಳಗೆ ಬೂಷ್ಟು ಹಿಡಿದು, ರಕ್ತ ಯಾರದು ಅಂತ ಹೇಳೋಕೆ ಏನೂ ಉಳಿದಿಲ್ಲ.”