ಗ್ರಿಂಡಲ್ ಸಾಹೇಬರು ಹಲ್ಲು ತಗೊಂಡದ್ದು

ಗ್ರಿಂಡಲ್ ಸಾಹೇಬರ ಜಗುಲಿಯ ಚಾಪೆಯ ಮೇಲೆ ಮುದುಕ ವಿಲಿಕೇಸಾ ಮಂಡಿಯೂರಿ ತಿಮಿಂಗಿಲದ ಹಲ್ಲನ್ನು ಮುಂದೆ ಚಾಚಿದ. ಅವನ ಅಜ್ಜನ ಮದುವೆಯಲ್ಲಿ ಮನೆಗೆ ಬಂದಿದ್ದ ಹಳದಿ ಹಲ್ಲು. ಮಗ ತಾನಿಯೆಲಾ ಕಬ್ಬಿನ ತೋಟದ ಬಿಳಿ ಮೇಸ್ತ್ರಿಯನ್ನು ಕಡಿದು ಕೊಂದು ಗುಡ್ಡ ಸೇರಿ ಮೂರು ತಿಂಗಳಾಗಿತ್ತು. ಹುಡುಕಲು ಹೋದ ಪೊಲೀಸರು ಬೂಟು ಸವೆಸಿಕೊಂಡು ಬಂದಿದ್ದರು, ಅಷ್ಟೇ.

"ತಪ್ಪಾಯ್ತು ದೊರೆ. ಇದನ್ನ ತಗೊಳ್ಳಿ, ನನ್ನ ಮಗನ ಜೀವ ಬಿಡಿ. ಜೈಲಿಗೆ ಹಾಕಿ, ಸಾಯೋತನಕ ಕಲ್ಲು ಒಡೆಸಿ, ಬೇಡ ಅನ್ನಲ್ಲ. ನೇಣು ಮಾತ್ರ ಬೇಡ."

ದುಭಾಷಿ ಕೆಮುವೇಲಿ ಬಾಯಿ ತೆರೆಯುವ ಮೊದಲೇ ಸಾಹೇಬರು ಕೈಯೆತ್ತಿ ತಡೆದರು. ಇಪ್ಪತ್ತೆರಡು ವರ್ಷದ ಹಿಂದೆ ಗುಮಾಸ್ತರಾಗಿ ಫಿಜಿಗೆ ಬಂದಿಳಿದವರು ತೆರಿಗೆ ಎತ್ತಿ, ಮ್ಯಾಜಿಸ್ಟ್ರೇಟರಾಗಿ, ಜಡ್ಜಾಗುವಷ್ಟರಲ್ಲಿ ಇಲ್ಲಿಯ ಭಾಷೆ, ಬೈಗುಳ, ಮದುವೆ, ಸಾವು ಎಲ್ಲವನ್ನೂ ಕಲಿತಿದ್ದರು. ಹಲ್ಲು ತೆಗೆದುಕೊಂಡರೆ ಬೇಡಿದ್ದನ್ನು ಕೊಟ್ಟಂತೆ ಎಂಬುದೂ ಗೊತ್ತಿತ್ತು. ಕುರ್ಚಿಯಿಂದಿಳಿದು ಚಾಪೆಯ ಮೇಲೆ ಕೂತರು. ಹಲ್ಲನ್ನು ಎರಡೂ ಕೈಯಲ್ಲಿ ಹಿಡಿದು, ಮೂಗಿಗೆ ತಾಗಿಸಿ, ಸ್ವೀಕರಿಸಿದವರು ಹೇಳಬೇಕಾದ ಮಾತನ್ನು ಒಂದಕ್ಷರ ತಪ್ಪದೆ ಹೇಳಿದರು.

ಮುದುಕ ಅತ್ತೇಬಿಟ್ಟ. "ನೋಡಿದ್ಯೇನೋ ಕೆಮುವೇಲಿ? ನಮ್ಮೋರಿಗೇ ಇಷ್ಟು ಚೆನ್ನಾಗಿ ಬರಲ್ಲ!"

"ನಿನ್ನ ಮಗನಿಗಂತೂ ನೆಟ್ಟಗೆ ಕೂರೋಕೂ ಬರಲ್ಲ ಮಾವ," ಎಂದು ಕೆಮುವೇಲಿ ನಕ್ಕ.

ಸಾಹೇಬರು ಹಲ್ಲು ತಗೊಂಡರೆಂದು ಅಪ್ಪ ಹೇಳಿಕಳಿಸಿದ ಮೇಲೆ, ಮರುದಿನ ಮಧ್ಯಾಹ್ನ ತಾನಿಯೆಲಾ ಗುಡ್ಡ ಇಳಿದ. ಹೊಳೆಯಲ್ಲಿ ಮಿಂದು, ಮೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ಮದುವೆಗೆ ಹೊರಟವನಂತೆ ತಾನೇ ಠಾಣೆಗೆ ಬಂದು ಕೈ ಚಾಚಿದ. ಎಂಟನೇ ದಿನ ಗ್ರಿಂಡಲ್ ಸಾಹೇಬರು ಅವನಿಗೆ ಗಲ್ಲು ಬರೆದರು. ತೀರ್ಪನ್ನು ಕೈದಿಗೆ ಅವನ ಭಾಷೆಯಲ್ಲಿ ಹೇಳಬೇಕಾದವನು ಕೆಮುವೇಲಿ. ಹೇಳಿದ.

ಕೋರ್ಟು ಎದ್ದ ಮೇಲೆ ಅವನು ಸಾಹೇಬರ ಕೋಣೆಗೆ ನುಗ್ಗಿದ. "ದೊರೆ, ನೀವು ಹಲ್ಲು ತಗೊಂಡಿದ್ರಿ."

"ಅದು ನಮ್ಮನೆ ಜಗುಲಿ ಕಣಯ್ಯಾ," ಸಾಹೇಬರು ಕೋಟು ಕಳಚುತ್ತ ಅಂದರು. "ಜಗುಲಿ ಮೇಲೆ ನಾನು ಜಡ್ಜಲ್ಲ. ಅಂದಹಾಗೆ, ಮುಂದಿನ ತಿಂಗಳು ನನಗೆ ರಾಜಧಾನಿಯ ದೊಡ್ಡ ಕೋರ್ಟು. ಒಳ್ಳೇ ದುಭಾಷಿ ಬೇಕು. ಬರ್ತೀಯಾ?"

ಕೆಮುವೇಲಿ ಹೊರಗೆ ಬಂದ. ಅಗಲವಾಗಿ ಹರಡಿದ ಮರದ ಕೆಳಗೆ ವಿಲಿಕೇಸಾ ಕೂತಿದ್ದ. ಅವನಿಗೆ ಸುಳ್ಳು ಹೇಳುವ ಧೈರ್ಯ ಇವನಿಗೆ ಬರಲಿಲ್ಲ. "ಜಗುಲಿ ಮೇಲೆ ಮಾಡಿದ್ದು ಲೆಕ್ಕಕ್ಕಿಲ್ಲವಂತೆ ಮಾವ."

ಮುದುಕ ಸಾಹೇಬರ ಕೋಣೆಯ ಕಡೆ ಕೈ ತೋರಿಸಿದ.

"ಇವನು ನಮ್ಮನ್ನ ಪೂರ್ತಿ ಕಲ್ತುಬಿಟ್ಟಿದ್ದ ಕಣೋ. ಏನೂ ಗೊತ್ತಿಲ್ಲದ ಬಿಳಿಯ ಆಗಿದ್ರೆ ಒಂದೇ ಕೈಲಿ ಇಸ್ಕೊಂಡು ಮೇಜಿನ ಮೇಲೆ ಒಗೀತಿದ್ದ. ನನ್ನ ಮಗ ಇವತ್ತೂ ಗುಡ್ಡದಲ್ಲೇ ಇರ್ತಿದ್ದ."