ಪುದೀನದ ಕಣ್ಣೀರು

ಅಭ್ಯಾಸಬಲದಿಂದ ಬಣ್ಣದಕ್ಕನ ಕೈ ಎಡವಟ್ಟು ಮಾಡಿಬಿಟ್ಟಿತು. ಬೆಳಿಗ್ಗೆ ತೀರಿಕೊಂಡ ನಟಿಯ ಮುಖಕ್ಕೆ ಕೊನೆಯ ಬಣ್ಣ ಹಚ್ಚುತ್ತಾ, ನಾಟಕದಲ್ಲಿ ಅಳುವ ದೃಶ್ಯಕ್ಕೆ ಮುಂಚೆ ಮಾಡುತ್ತಿದ್ದಂತೆಯೇ, ಪುದೀನ ಎಣ್ಣೆಯಿಂದ ತೆಗೆದ ಮೆಂತಾಲಿನ ಕಡ್ಡಿಯನ್ನು ಕಣ್ಣಿನ ಕೆಳಗೆ ಸವರಿಬಿಟ್ಟಿದ್ದಳು.

“ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಇನ್ಯಾವ ನಾಟಕಕ್ಕೆ ಅಳಿಸ್ತೀನಿ ಇವಳನ್ನ?” ಎಂದು ಗೊಣಗುತ್ತಾ, ಒರೆಸಲು ಹತ್ತಿ ಹುಡುಕಿದಳು. ಬಾಗಿಲ ಬಳಿ ನಿಂತಿದ್ದ ನಟಿಯ ಮಗ, “ಬೇಗ ಮುಗಿಸಿ ಚಿಕ್ಕಮ್ಮ, ಗಾಡಿ ಬಂದಿದೆ,” ಎಂದ.

ಅವಳು ಹತ್ತಿ ಹಿಡಿದು ತಿರುಗಿದಾಗ, ನಟಿಯ ಮುಚ್ಚಿದ ಎಡಗಣ್ಣಿನ ಅಂಚಿನಲ್ಲಿ ಒಂದು ಹನಿ ತುಂಬಿ ನಿಂತಿತ್ತು. ನೋಡುತ್ತಿದ್ದಂತೆಯೇ ಅದು ಹೊಸ ಪೌಡರಿನ ಮೇಲೆ ಗೆರೆ ಎಳೆದುಕೊಂಡು ಕಿವಿಯತ್ತ ಇಳಿಯಿತು. ಹಿಂದೆಯೇ ಇನ್ನೊಂದು. ಮೆಂತಾಲಿನ ಘಾಟು ಹತ್ತುವುದು ಬದುಕಿರುವ ಕಣ್ಣಿಗೆ ಮಾತ್ರ.

“ಡಾಕ್ಟರನ್ನ ಕರಿಯಪ್ಪಾ! ನಿಮ್ಮಮ್ಮ ಅಳ್ತಿದಾಳೆ!”

ಮಗ ಹತ್ತಿರ ಬಂದು ತಾಯಿಯ ಮುಖವನ್ನು ಒಮ್ಮೆ ನೋಡಿದ. ಅವನಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ವಾಪಸು ಹೋಗಿ ಬಾಗಿಲ ಚಿಲಕ ಹಾಕಿದ. ಆಮೇಲೆ ಜೇಬಿನಿಂದ ಕರವಸ್ತ್ರ ತೆಗೆದು, ಮಡಿಕೆ ಬಿಚ್ಚಿ, ಅವಳ ಮುಂದೆ ಹಿಡಿದ.

“ಒರೆಸಿಬಿಡಿ ಚಿಕ್ಕಮ್ಮ.”